ಕೋರ್ಟ್ ಹಾಲ್ ಮೂರು, ಕೊನೆಯ ಬೆಂಚು

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ
ಹನ್ನೊಂದು ಶರ್ಟಿಗೆ ಗುಂಡಿ ಹಾಕಿದ್ದಾಯ್ತು. ಇನ್ನೂ ಒಂಬತ್ತಿವೆ. ಅತ್ತೆ ಆಫ್ ಆಗಿರುವ ಟೀವಿಯ ಎದುರೇ ಕುಳಿತಿದ್ದಾರೆ. ನಮ್ಮ ಮನೆಯವರಿಗೆ ಫ್ಯಾಕ್ಟರಿಯಲ್ಲಿ ಅರ್ಧ ಶಿಫ್ಟ್ ಆದಮೇಲೆ ಮೊದಲು ಹೋಗಿದ್ದೇ ಕೇಬಲ್. ಈಗ ಅತ್ತೆಗೆ ನಾನೇ ಸೀರಿಯಲ್ಲು. ಸೂಜಿ ಹಿಡಿದರೆ ಒಂದು ಮಾತು, ದಾರ ಕಚ್ಚಿದರೆ ಒಂದು ಮಾತು. “ಆ ಗುಂಡಿ ಸೊಟ್ಟ ಇದೆ ನೋಡೇ.” ಸೊಟ್ಟ ಇಲ್ಲ! ತಲೆ ಚಿಟ್ಟು ಹಿಡಿದುಹೋಯಿತು.

ಇವರ ಉಪದೇಶ ಬೇರೆ — “ಫ್ರೀಯಾಗಿ ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬಾ.” ಎಲ್ಲಿಗೆ? ಫ್ರೀ ಇರೋದು ಬರೀ ಬಿಸಿಲು.

ಮಾರ್ಚ್ 5, ಗುರುವಾರ
ಬೆಳಿಗ್ಗೆ ಲೈಬ್ರರಿ. ಪೇಪರ್ ಓದುವ ಕೋಣೆಯಲ್ಲಿ ಎಲ್ಲರೂ ತುಟಿ ಹೊಲಿದುಕೊಂಡು ಕುಳಿತಿದ್ದರು. ಅತ್ತೆ ನಿಧನ ವಾರ್ತೆಯ ಪುಟ ತೆಗೆದು ಜೋರಾಗಿ ಓದಿದರು, ವಯಸ್ಸಿನ ಸಮೇತ. ಲೈಬ್ರರಿಯವರು ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು.

ಸಂಜೆ ಸೋಫಾ ಅಂಗಡಿ. ಅಲ್ಲಿ ಗೋಡೆಯಗಲ ಟೀವಿ. ಅತ್ತೆ ಸೋಫಾದ ಮೇಲೆ ಕಾಲು ಮಡಚಿ ಕುಳಿತೇಬಿಟ್ಟರು. ಅಂಗಡಿಯವನು, “ಯಾವ ಕಲರ್ ಕೊಡ್ಲಿ ಅಮ್ಮ?” ಅತ್ತೆ, “ಸ್ವಲ್ಪ ತಡಿಯಪ್ಪ, ಇದೊಂದು ಮುಗೀಲಿ.” ಇನ್ನು ಆ ಬೀದಿಗೇ ತಲೆ ಹಾಕುವ ಹಾಗಿಲ್ಲ.

ಮಾರ್ಚ್ 6
ಇವರಿಗೆ ಹೇಳಿಯೇಬಿಟ್ಟೆ. ನನ್ನ ಕೈಲಾಗಲ್ಲ, ಭಾವನ ಮನೆಗೆ ಕಳಿಸಿ. ಅಣ್ಣ ತಮ್ಮ ಫೋನಿನಲ್ಲೇ ಮುಗಿಸಿಕೊಂಡರು — ಮೂರು ತಿಂಗಳು ಅಲ್ಲಿ, ಮೂರು ತಿಂಗಳು ಇಲ್ಲಿ. ಮುಂದಿನ ತಿಂಗಳ ಮೊದಲ ಭಾನುವಾರ ಭಾವ ಕಾರು ತರುತ್ತಾರಂತೆ. ಅತ್ತೆಗೆ ಹೇಳೋದು ಯಾರು? ಇವರು ನನ್ನ ಮುಖ ನೋಡಿದರು. ನಾನು ಸೂಜಿ ನೋಡಿದೆ.

ಮಾರ್ಚ್ 9, ಸೋಮವಾರ
ಟೈಲರ್‌ಗೆ ಶರ್ಟು ಕೊಡಲು ಹೋಗಿದ್ದೆ, ಅತ್ತೆಯೂ ಜೊತೆಗೆ. ಕಾಲು ನೋವು ಅಂತ ಎದುರಿನ ಕೋರ್ಟಿನೊಳಗೆ ನುಗ್ಗಿದರು. ಹಾಲ್ ಮೂರು. ಕೊನೆಯ ಬೆಂಚು, ಮೇಲೆ ಫ್ಯಾನು. ಯಾರೂ ಟಿಕೆಟ್ ಕೇಳಲಿಲ್ಲ, ಕಲರೂ ಕೇಳಲಿಲ್ಲ.

ಒಬ್ಬ ಮುದುಕರು, ಕೈಯಲ್ಲಿ ಕೊಡೆ. ಇಬ್ಬರು ಗಂಡುಮಕ್ಕಳು. ಅಪ್ಪ ಯಾರ ಮನೆಯಲ್ಲಿರಬೇಕು ಅನ್ನೋದೇ ಕೇಸು. ದೊಡ್ಡವನು ಅಂತಾನೆ ಚಿಕ್ಕವನ ಮನೆ ದೊಡ್ಡದು. ಚಿಕ್ಕವನು ಅಂತಾನೆ ನನ್ನ ಮನೆಗೆ ಮೆಟ್ಟಿಲು ಜಾಸ್ತಿ. ಸರಿಯಾದ ಜಾಗಕ್ಕೆ ಬಂತು ಅನ್ನುವಾಗ ಜಡ್ಜ್ ಮುಂದಿನ ವಾಯಿದೆ ಕೊಟ್ಟರು. ಅತ್ತೆಗೆ ಎಲ್ಲಿಲ್ಲದ ಖುಷಿ. “ಸೋಮವಾರಕ್ಕೆ ಹಾಕಿದ್ದಾರೆ ಕಣೆ!”

ನನಗೆ ಮಾತ್ರ ಆ ಬೆಂಚು ಯಾಕೋ ಚುಚ್ಚುತ್ತಿತ್ತು.

ಮಾರ್ಚ್ 16, ಸೋಮವಾರ
ಮಾನ ಹೋಯಿತು. ದೊಡ್ಡ ಮಗ, “ಅಪ್ಪನಿಗೆ ನಾನು ಏನೂ ಕಡಿಮೆ ಮಾಡಿಲ್ಲ” ಅಂದ. ಅತ್ತೆ ಟೀವಿಗೆ ಹೇಳುವ ಹಾಗೆಯೇ — “ಸುಳ್ಳು! ಆ ಕೊಡೆ ನೋಡಿ, ಎರಡು ಕಡ್ಡಿ ಮುರಿದಿದೆ!” ಇಡೀ ಹಾಲ್ ತಿರುಗಿತು.

ಜಡ್ಜ್, “ಅಜ್ಜೀ, ನಿಮ್ಮದು ಯಾವ ಕೇಸು?”

“ನಂದೇನಿಲ್ಲ ಸ್ವಾಮಿ. ನೋಡೋಕ್ ಬಂದಿದ್ದೀನಿ.”

ಹೆಸರು ಕೂಗುವ ಜವಾನ ಬಂದು, “ಇನ್ನೊಂದ್ ಸಲ ಬಾಯಿ ಬಿಟ್ರೆ ಇಬ್ಬರನ್ನೂ ಆಚೆ ಹಾಕ್ತೀನಿ” ಅಂದ. ದಾರಿಯುದ್ದಕ್ಕೂ ಬೈದೆ. ಅತ್ತೆ ಜವಾನನ ಹಾಗೆ ಗಂಟಲು ಸರಿಮಾಡಿಕೊಂಡು ಕೂಗುವುದನ್ನು ಅಭ್ಯಾಸ ಮಾಡುತ್ತಾ ಬಂದರು.

ಮಾರ್ಚ್ 24
ಅತ್ತೆಯ ಹಳೆಯ ಬ್ಯಾಗಿಗೆ ಹೊಸ ಜಿಪ್ ಹಾಕಿದೆ. ಅವರು ಸ್ನಾನಕ್ಕೆ ಹೋದಾಗ. ಮೂರು ಸಲ ಎಳೆದು ನೋಡಿದೆ, ಸಲೀಸಾಗಿ ಹೋಗುತ್ತದೆ. ಯಾಕೋ ಸಿಟ್ಟು. ಯಾರ ಮೇಲೆ ಗೊತ್ತಿಲ್ಲ.

ಏಪ್ರಿಲ್ 2, ಗುರುವಾರ
ಮತ್ತೆ ಹಾಲ್ ಮೂರು, ಅದೇ ಕೊನೆಯ ಬೆಂಚು.

ಇವತ್ತು ಕೇಸು ರಾಜಿ. ಆರು ತಿಂಗಳು ದೊಡ್ಡವನು, ಆರು ತಿಂಗಳು ಚಿಕ್ಕವನು. ಲಾಯರುಗಳು ನಗುನಗುತ್ತಾ ಕಾಗದ ಕೊಟ್ಟರು. ಜಡ್ಜ್ “ಎಲ್ಲರಿಗೂ ಒಪ್ಪಿಗೆ ತಾನೆ?” ಅಂದರು, ಲಾಯರುಗಳೇ ತಲೆಯಾಡಿಸಿದರು. ಮುದುಕರು ಪಕ್ಕದಲ್ಲಿದ್ದ ಜವಾನನನ್ನು ಮೆಲ್ಲಗೆ ಕೇಳಿದರು, “ಈಗ ನಾನು ಯಾರ ಜೊತೆ ಹೋಗ್ಬೇಕು?”

ಅತ್ತೆ ಬಾಯಿ ಬಿಡುತ್ತಾರೆ ಅಂತ ಅವರ ಕೈ ಹಿಡಿದುಕೊಂಡೆ. ಅವರು ತುಟಿಪಿಟಕ್ ಅನ್ನಲಿಲ್ಲ. ಎದ್ದು ನಿಂತವಳು ನಾನು.

“ಅವರನ್ನ ಯಾರಾದ್ರೂ ಕೇಳಿದ್ರಾ? ಅವರನ್ನ ಕೇಳಿ ಸ್ವಾಮೀ!”

ಜವಾನ ಮಾತು ಉಳಿಸಿಕೊಂಡ, ಇಬ್ಬರನ್ನೂ ಆಚೆ ಹಾಕಿದ. ಬಾಗಿಲು ಮುಚ್ಚುವಾಗ ಜಡ್ಜ್ ಪೆನ್ನು ಕೆಳಗಿಟ್ಟು ಮುದುಕರ ಕಡೆ ತಿರುಗಿದ್ದು ಕಂಡಿತು. ಮುದುಕರು ಏನಂದರೋ ಕೇಳಿಸಲಿಲ್ಲ.

ಮೆಟ್ಟಿಲ ಮೇಲೆ ಅತ್ತೆ, “ನಂಗೆ ಬಾಯಿ ಮುಚ್ಕೊಳ್ಳಿ ಅಂತಿದ್ಯಲ್ಲೇ.” ಆಮೇಲೆ ಬೀದಿ ನೋಡುತ್ತಾ, “ಜಿಪ್ ಚೆನ್ನಾಗಿ ಹಾಕಿದ್ದೀಯ. ಯಾವಾಗ ಹೊರಡಬೇಕು?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲಾ ಹೇಳಿದೆ. ಕಳಿಸಿ ಅಂದವಳು ನಾನೇ ಅನ್ನುವುದನ್ನೂ. “ಅತ್ತೆ, ನಿಮಗೆ ಎಲ್ಲಿರ್ಬೇಕು ಅಂತಿದೆ?”

ಅತ್ತೆ ಒಂದೊಂದೇ ಮೆಟ್ಟಿಲು ಇಳಿದು, “ಒಂದು ವಾಯಿದೆ ಕೊಡು” ಅಂದರು.

ಏಪ್ರಿಲ್ 4, ಶನಿವಾರ
ಮಾತಿಲ್ಲ ಕತೆಯಿಲ್ಲ. ಗುಂಡಿ ಸೊಟ್ಟ ಅಂತಲೂ ಹೇಳಲಿಲ್ಲ. ಒಂದನ್ನು ಬೇಕಂತಲೇ ಸೊಟ್ಟ ಹಾಕಿ ತೋರಿಸಿದೆ. ನೋಡಿ ಸುಮ್ಮನಾದರು. ಮಾತಾಡಿದರೂ ತಲೆನೋವು, ಆಡದಿದ್ದರೂ ತಲೆನೋವು! ಇವರಿಗೆ ಹೇಳಿದ್ದೇನೆ — ಅಮ್ಮ ಹೇಳುವ ತನಕ ಬ್ಯಾಗ್ ಮುಟ್ಟಬೇಡಿ. ಇವರು ನೆಲ ನೋಡುತ್ತಾ ಹೂಂ ಅಂದರು.

ಏಪ್ರಿಲ್ 5, ಭಾನುವಾರ. ಬೆಳಿಗ್ಗೆ ಎಂಟು
ಹಾರ್ನ್ ಆಯಿತು. ಭಾವ ಒಳಗೂ ಬರಲಿಲ್ಲ, ಕಾರಿನಿಂದಲೇ, “ಅಮ್ಮಾ, ರೆಡೀನಾ?” ಇವರು ಬಾಗಿಲ ಒಂದು ಪಕ್ಕ. ನಾನು ಒಳಗೆ ಶರ್ಟಿನ ರಾಶಿಯ ನಡುವೆ, ಈ ಪುಸ್ತಕ ತೊಡೆಯ ಮೇಲೆ. ಅತ್ತೆ ಹೊಸಿಲಿಗೆ ಬಂದು ನಿಂತಿದ್ದಾರೆ. ಕೈಯಲ್ಲಿ ಬ್ಯಾಗಿಲ್ಲ. ಸೆರಗು ಸರಿಮಾಡಿಕೊಂಡರು. ಜವಾನನ ಹಾಗೆ ಗಂಟಲು ಸರಿಮಾಡಿಕೊಂಡು —