ಇನ್ನೇನು, ಅರ್ಧ ಗಂಟೆ

ಬುಧವಾರ, ಮಾರ್ಚ್ ೧೨

ಚೋಟುದ್ದದ ಮ್ಯಾನೇಜರಮ್ಮನಿಗೆ ಸೋದರಮಾವನ ಆಶೀರ್ವಾದ.

ನಾನು, ನಿನ್ನ ಅತ್ತೆ ಇಬ್ಬರೂ ಗಟ್ಟಿಯಾಗಿದ್ದೇವೆ. ನೀನೂ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಈ ಕಾಗದದ ಬೈಗುಳ ತಡೆದುಕೊಳ್ಳುವುದು ಕಷ್ಟ. ಬರೆಯುವುದು ಮೂರು ವಾರ ತಡವಾಯಿತು, ಕ್ಷಮಿಸು. ಇದಕ್ಕೆ ಮುಂಚೆ ಮೂರು ಕಾಗದ ಬರೆದು ಹರಿದುಹಾಕಿದೆ. ಮೂರನೆಯದನ್ನು ನಿನ್ನ ಅತ್ತೆ ಓದಿ, "ಇದನ್ನ ಡಬ್ಬಿಗೆ ಹಾಕಿದ್ರೆ ಅಂಚೆಯವರೇ ವಾಪಸ್ ತಂದು ನಿಮ್ಮ ಮುಖಕ್ಕೆ ಎಸೀತಾರೆ ನೋಡಿ" ಅಂದಳು. ಫೋನಿನಲ್ಲೇ ಬೈಯಬಹುದಿತ್ತು. ಆದರೆ ನಾನು ಶುರುಮಾಡಿದ ತಕ್ಷಣ ನೀನು ಫೋನನ್ನು ಮೇಜಿನ ಮೇಲಿಟ್ಟು ಬೇರೆ ಕೆಲಸ ನೋಡುತ್ತೀಯೆ. ಕಾಗದವನ್ನಾದರೆ ಕೈಯಲ್ಲಿ ಹಿಡಿದೇ ಓದಬೇಕು.

ಹೋದ ವರ್ಷ ನೀನು ವಿಮಾ ಕಂಪನಿಗೆ ರಾಜೀನಾಮೆ ಬಿಸಾಕಿ, "ಆನ್‌ಲೈನ್ ಪ್ರವಾಸದ ಕಂಪನಿ ಮಾಡ್ತೀನಿ" ಅಂದ ದಿನ ನಿನ್ನ ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತಳು. "ಕುರ್ಚಿ, ಫ್ಯಾನು, ತಿಂಗಳ ಸಂಬಳ ಎಲ್ಲ ಬಿಟ್ಟು ಇವಳು ಊರೂರಿಗೆ ಜನ ಸಾಗಿಸ್ತಾಳಂತೆ!" ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ಬಾಗಿಲಾಚೆ ನಿಂತು, "ಅಕ್ಕಾ, ನಾನು ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದು, ನನಗೇನು ಬಾಲ ಬಂತಾ?" ಎಂದು ಕೇಳಿದವನು ಯಾರು? ನಾನು.

ಟೂರಿಸ್ಟ್ ಬಸ್ಸಿನ ಡ್ರೈವರ್ ಅಂದರೆ ಸುಮ್ಮನೆಯೇ? ನಾನು ಓದಿದ್ದು ಏಳನೇ ಕ್ಲಾಸು, ಅದೂ ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ. ಆದರೂ ನಲವತ್ತು ಜನರನ್ನು ಕೂರಿಸಿಕೊಂಡು ಬೆಟ್ಟದ ತಿರುವಿನಲ್ಲಿ ರಿವರ್ಸ್ ಗೇರಿನಲ್ಲಿ ಬಸ್ಸು ಇಳಿಸಿದ್ದೇನೆ. ನನ್ನ ಹಾರ್ನ್ ಕೇಳಿದರೆ ಎದುರಿನ ಲಾರಿಗಳು ತಾವಾಗಿಯೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ನಿನ್ನ ಅತ್ತೆ ಹೆಗಲ ಮೇಲಿಂದ ಈ ಸಾಲು ಓದಿ ನಗುತ್ತಿದ್ದಾಳೆ. ನಗಲಿ.

ಆಮೇಲೆ ನೀನು ಸೈಕಲ್ ಅಂಗಡಿಯ ಮಹಡಿಯ ಕೋಣೆ ಹಿಡಿದೆ. ಎರಡು ಕಂಪ್ಯೂಟರು, ಅಲುಗುವ ಮೇಜು, ಅದರ ಕಾಲಡಿಗೆ ಮಡಿಚಿಟ್ಟ ರಟ್ಟು. ಎಂಟು ದಿನ ನನ್ನನ್ನು ಅಲ್ಲಿ ಕೂರಿಸಿಕೊಂಡು ದಾರಿಗಳನ್ನೆಲ್ಲ ಕೇಳಿ ಬರೆದುಕೊಂಡೆ. ಎಲ್ಲಿ ಶೌಚಾಲಯ ಚೊಕ್ಕಟ, ಎಲ್ಲಿ ಬಸ್ಸು ನಿಲ್ಲಿಸಿದರೆ ಮಕ್ಕಳ ವಾಂತಿ ತಪ್ಪುತ್ತದೆ, ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತು. "ಮ್ಯಾಪು ಎಲ್ಲಾರ ಹತ್ರನೂ ಇದೆ ಮಾವ, ನಿಮ್ಮ ತಲೇಲಿರೋದು ಯಾರಿಗೂ ಸಿಗಲ್ಲ" ಅಂದೆಯಲ್ಲ, ಮರೆತೆಯಾ? ಕಂಪನಿಯ ವೆಬ್‌ಸೈಟಿನಲ್ಲಿ ನೀನೇ ನನ್ನ ಫೋಟೋ ಹಾಕಿ, ಕೆಳಗೆ 'ನಮ್ಮ ದಾರಿ ಬಲ್ಲವರು' ಎಂದು ಬರೆದೆ. ಅದನ್ನು ನಾನು ಕ್ಷೌರದಂಗಡಿಯವನಿಗೆ, ಔಷಧಿ ಅಂಗಡಿಯವನಿಗೆ, ಪಿಂಚಣಿ ಕಚೇರಿಯ ಗುಮಾಸ್ತನಿಗೆ ತೋರಿಸಿದೆ. ಗುಮಾಸ್ತನಿಗೆ ಎರಡು ಸಲ.

ಈಗ ತಪ್ಪಿನ ವಿಷಯ. ಬೆಟ್ಟದ ಊರಿಂದ ಬಂದರಿಗೆ ಎಷ್ಟು ಹೊತ್ತು ಎಂದು ನೀನು ಕೇಳಿದೆ. ಎರಡೂವರೆ ಗಂಟೆ ಎಂದು ನಾನು ಹೇಳಿದೆ. ನಿಜವಾಗಿ ಹಿಡಿಯುವುದು ನಾಲ್ಕು ಗಂಟೆ. ಬೇಕೆಂದು ಸುಳ್ಳು ಹೇಳಲಿಲ್ಲ ಮಗಳೇ, ಬಾಯಿಗೆ ರೂಢಿಯಾದದ್ದು ಬಂತು. ಹಿಂದಿನ ಸೀಟಿನಿಂದ "ಡ್ರೈವರೇ, ಇನ್ನೂ ಎಷ್ಟು ದೂರಾ?" ಎಂದು ಕೂಗಿದರೆ ಯಾವ ಡ್ರೈವರೂ ನಿಜ ಹೇಳುವುದಿಲ್ಲ. "ಇನ್ನೇನು, ಅರ್ಧ ಗಂಟೆ" ಅನ್ನುತ್ತಾನೆ. ನಿಜ ಹೇಳಿದರೆ ಮಕ್ಕಳು ಅಳುತ್ತವೆ, ದೊಡ್ಡವರು ಜಗಳಕ್ಕೆ ಬರುತ್ತಾರೆ. ಹೇಳಿ ಹೇಳಿ ನನಗೂ ಅದೇ ನಿಜವಾಗಿಹೋಗಿತ್ತು. ನೀನು ಅದನ್ನು ಹಾಗೇ ಹಾಕಿದೆ. ಹನ್ನೊಂದು ಜನರ ಕುಟುಂಬ ಅದನ್ನು ನಂಬಿ ಹೊರಟು, ದ್ವೀಪಕ್ಕೆ ಹೋಗುವ ಹಡಗು ಕಣ್ಣೆದುರೇ ದೂರವಾಗುವುದನ್ನು ನೋಡುತ್ತ ನಿಂತಿತು. ಅವರ ಅಜ್ಜಿ ಬಿಸಿಲಲ್ಲಿ ಸೂಟ್‌ಕೇಸಿನ ಮೇಲೆ ಕೂತ ಫೋಟೋ ಹಾಕಿ, ಐದರಲ್ಲಿ ಒಂದೇ ನಕ್ಷತ್ರ ಕೊಟ್ಟು, ಮೊಮ್ಮಗ ಉದ್ದಕ್ಕೆ ಬೈದು ಬರೆದ. ಅದನ್ನು ಓದಿದವರೆಲ್ಲ ಬುಕಿಂಗ್ ರದ್ದು ಮಾಡುತ್ತಿದ್ದಾರೆ, ಕಂಪನಿ ಉಳಿಯುವುದೇ ಅನುಮಾನ ಎಂದು ನಿನ್ನ ಅಮ್ಮ ಹೇಳಿದಳು.

ತಪ್ಪು ನನ್ನದು, ಒಪ್ಪಿದೆ. ಆದರೆ ನಿನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು? ಒಂದು ಸಲ ಆ ದಾರಿಯಲ್ಲಿ ಹೋಗಿ ನೋಡಬಾರದಿತ್ತೇ? ಬೇಸಿಗೆ ರಜೆಯಲ್ಲೆಲ್ಲ ನನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದವಳು ನೀನು. ನನ್ನ ಒಂದೊಂದು ಅರ್ಧ ಗಂಟೆಯಲ್ಲಿ ಎರಡೆರಡು ನಿದ್ದೆ ಮುಗಿಸಿ ಏಳುತ್ತಿದ್ದೆಯಲ್ಲೇ!

ಅದೂ ಹೋಗಲಿ. ನನ್ನ ಫೋಟೋ ತೆಗೆದುಹಾಕಿದ್ದನ್ನು ನನಗೆ ಹೇಳಿದ್ದು ಕ್ಷೌರದವನು. "ಏನಣ್ಣಾ, ನಿಮ್ಮನ್ನ ಗಾಡಿಯಿಂದ ಇಳಿಸಿಬಿಟ್ರಾ?" ಅಂದ. ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದೆ, ಎದ್ದು ಹೋಗುವ ಹಾಗೂ ಇಲ್ಲ. "ನಾನೇ ಬಿಟ್ಟೆ ಕಣಯ್ಯಾ, ಚಿಕ್ಕವರು ಮುಂದೆ ಬರಲಿ ಅಂತ" ಅಂದೆ. ಪಕ್ಕದ ಕುರ್ಚಿಯವನು ಕನ್ನಡಿಯಲ್ಲೇ ನಕ್ಕ. ಮನೆಗೆ ಬಂದು ಎದುರು ನಿಂತು ಬೈದಿದ್ದರೆ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದೆ. ಅಷ್ಟು ಹೊತ್ತೂ ನಿನಗೆ ಸಿಗಲಿಲ್ಲವೇ, ಮ್ಯಾನೇಜರಮ್ಮಾ?

ಈ ಮೂರು ವಾರ ನಾನೇನು ಮುಖ ಊದಿಸಿಕೊಂಡು ಕೂತಿರಲಿಲ್ಲ. ನೀನು ಬರೆದುಕೊಂಡ ಏಳು ದಾರಿಗಳಲ್ಲೂ ಟಿಕೆಟ್ ತೆಗೆದು, ಪ್ರಯಾಣಿಕನಾಗಿ ಕೂತು, ಗಡಿಯಾರ ನೋಡಿ ಬರೆದಿದ್ದೇನೆ. ಹಾಳೆ ಇದರ ಜೊತೆಗಿದೆ. ಸೊಂಟ ಹಿಡಿದುಕೊಂಡಿದೆ. ಬಂದರಿನ ದಾರಿಯಲ್ಲಿ ನಾನೂ ತಡೆಯಲಾರದೆ, "ಇನ್ನೂ ಎಷ್ಟಪ್ಪಾ?" ಎಂದು ಕೇಳಿದೆ. ಆ ಡ್ರೈವರ್ ಹಿಂದಿರುಗಿಯೂ ನೋಡದೆ, "ಇನ್ನೇನು ಯಜಮಾನ್ರೇ, ಅರ್ಧ ಗಂಟೆ" ಅಂದ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಈ ಹಾಳೆಯಲ್ಲಿರುವುದನ್ನು ಹಾಕು. ಕಂಪನಿ ಮುಚ್ಚಿದೆಯೋ, ನಿನ್ನ ಅಮ್ಮನಿಗಿಂತ ಮೊದಲು ನಾನು ಬಂದು ಕಿವಿ ಹಿಂಡುತ್ತೇನೆ. ಹೊಟ್ಟೆ ತುಂಬ ತಿನ್ನು, ನೂರು ಕಾಲ ಬಾಳು, ನಿನ್ನನ್ನು ನಂಬಿ ಹೊರಟವರೆಲ್ಲ ಸುಖವಾಗಿ ಮನೆ ಸೇರಲಿ.

ಸಿಟ್ಟು ಇಳಿಯದ
ನಿನ್ನ ಮಾವ

ಕೊನೆಗೊಂದು ಮಾತು: ಆ ಮೊಮ್ಮಗನ ದೂರಿನ ಕೆಳಗೆ ನೀನು ಕೊಟ್ಟ ಉತ್ತರ ಓದಿದೆ. "ಈ ಮಾಹಿತಿ ಕೊಟ್ಟವರು ಹೊರಗಿನ ವ್ಯಕ್ತಿ. ಅವರಿಗೂ ನಮಗೂ ಯಾವ ಸಂಬಂಧವೂ ಇಲ್ಲ." ಬೇರೆ ಯಾರೋ ಬರೆದಿರಬೇಕು ಎಂದುಕೊಂಡೆ. ಕೆಳಗೆ ನಿನ್ನ ಹೆಸರಿತ್ತು. ನಿನ್ನ ಅಪ್ಪ ಹೋದಾಗ ನಿನಗೆ ನಾಲ್ಕು ವರ್ಷ. ಶಾಲೆಯ ಕಾಗದಗಳಲ್ಲಿ 'ಪೋಷಕರ ರುಜು' ಎಂದಿದ್ದ ಕಡೆಯೆಲ್ಲ ಹನ್ನೆರಡು ವರ್ಷ ನಾನೇ ರುಜು ಹಾಕಿದೆ. ಆ ಉತ್ತರವನ್ನು ನಿನ್ನ ಅತ್ತೆಗೆ ತೋರಿಸಿಲ್ಲ. ಸುಳ್ಳುಗಾರ ಅಂತ ಬರಿ, ಬಡಾಯಿಕೋರ ಅಂತ ಬರಿ, ಲೋಕಕ್ಕೆಲ್ಲ ಕಾಣುವ ಹಾಗೆ ಬರಿ. ಆದರೆ ಮಾವ ಅಂತ ಬರಿ.