ಗಾಳಿಗೆಲ್ಲಿಯ ಬೇಲಿ

ಸೋಮವಾರ, ಬೆಳಿಗ್ಗೆ

ನನ್ನ ಬೆನ್ನಿಗೆ ಬಿದ್ದ ತಮ್ಮ ಪೀಪಿಗೆ,

ಅಕ್ಕನ ಆಶೀರ್ವಾದ. ಬೇಡವೆಂದುಕೊಂಡರೂ ಅಭ್ಯಾಸದಿಂದ ಕೈ ಬರೆದುಬಿಟ್ಟಿತು, ಹೊಡೆದುಹಾಕುವುದಿಲ್ಲ, ಇಟ್ಟುಕೋ.

ಇವತ್ತು ಹನ್ನೊಂದಕ್ಕೆ ರೇಡಿಯೋ ಇಲಾಖೆಯಲ್ಲಿ ನನ್ನ ವಿಚಾರಣೆ. ರಂಗದ ಮೇಲೆ ಎಷ್ಟೋ ಸಿಂಹಾಸನ ಏರಿದ್ದೇನೆ, ಎಷ್ಟೋ ಸೆರೆಮನೆ ಸೇರಿದ್ದೇನೆ. ನಿಜವಾದ ಕಟಕಟೆ ಮಾತ್ರ ಇದೇ ಮೊದಲು. ಹೊರಡುವ ಮುಂಚೆ ನಿನಗೆ ನಾಲ್ಕು ಮಾತು. ಫೋನಿನಲ್ಲೇ ಆಡಬಹುದಿತ್ತು, ಆದರೆ ಡಾಕ್ಟರು ಕೂಗಬಾರದು ಅಂದಿದ್ದಾರೆ, ಕೂಗದೆ ನಿನ್ನೊಡನೆ ಆಡುವ ಮಾತು ನನ್ನಲ್ಲಿ ಒಂದೂ ಉಳಿದಿಲ್ಲ.

ಈ ಗಂಟಲಿನಿಂದಲೇ ಎಲ್ಲ ಶುರುವಾದದ್ದು. ಕೊನೆಯ ಸಾಲಿನವರೆಗೆ ದನಿ ಎಸೆದೂ ಎಸೆದೂ ಒಳಗೆ ಗಂಟು ಕಟ್ಟಿದೆ. ಹೀಗೇ ಮುಂದುವರಿಸಿದರೆ ಇದ್ದ ದನಿಯೂ ಹೋಗುತ್ತದೆ ಎಂದರು. ಊರೆಲ್ಲ ‘ಗುಡುಗಮ್ಮ’ ಎಂದು ಕರೆಯುವ ಹೆಂಗಸಿಗೆ ಈ ಮಾತು! ಫೋನಿನಲ್ಲಿ ನಿನ್ನ ಮುಂದೆ ಅತ್ತೆ. ನೀನು ನಕ್ಕೆ. ಪರದೇಶದ ಥಿಯೇಟರುಗಳಲ್ಲಿ ಸೌಂಡಿನ ಕೆಲಸ ಮಾಡುವವನಲ್ಲವೇ, ವೈರಿಲ್ಲದ ಕಾಲರ್ ಮೈಕು ಕಳಿಸುತ್ತೇನೆ, ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳಿಸುತ್ತದೆ ಎಂದೆ.

ಪೆಟ್ಟಿಗೆ ಬಂತು. ನಮ್ಮ ನಾಟಕ ಕಂಪನಿಯವರೆಲ್ಲ ಮೇಕಪ್ಪು ಅರ್ಧಕ್ಕೆ ಬಿಟ್ಟು ಸುತ್ತ ಕೂತರು. ಮಂತ್ರಿ ಪಾತ್ರದವನಿಗೆ ಅರ್ಧವೇ ಮೀಸೆ. ನಮ್ಮ ಸೌಂಡಿನ ವೈರಣ್ಣ ಒಂದೊಂದೇ ಚಾರ್ಜರು ಎತ್ತಿ ತೋರಿಸಿದ. ನಿಮ್ಮ ಕಡೆಯ ಪ್ಲಗ್ಗಿಗೆ ಚಪ್ಪಟೆ ಕಾಲು, ನಮ್ಮದಕ್ಕೆ ಗುಂಡು ಕಾಲು. ನೀನು ಪ್ರತಿಯೊಂದನ್ನೂ ಕತ್ತರಿಸಿ, ನಮ್ಮ ಪ್ಲಗ್ಗು ಕೂಡಿಸಿ, ಟೇಪು ಸುತ್ತಿದ್ದೆ. ಅಲ್ಲಿಯ ಕರೆಂಟೇ ಬೇರೆ, ಇಲ್ಲಿಯದೇ ಬೇರೆ ಎಂಬುದನ್ನು ಅಷ್ಟು ಜತನದಿಂದ ನೆನಪಿಟ್ಟುಕೊಂಡಿದ್ದೆ. ಅಕ್ಕ ಕೈ ಸುಟ್ಟುಕೊಳ್ಳದಿರಲಿ ಎಂದು ಎಷ್ಟು ಕಾಳಜಿ ನೋಡಿ ಎಂದು ಎಲ್ಲರ ಮುಂದೆ ನಿನ್ನನ್ನು ಹೊಗಳಿದೆ.

ಆಗಲೇ ಫೋನಿನಲ್ಲಿ ನಿನ್ನನ್ನು ಕೇಳಿದೆ. ಒಂದು ಸಲವಲ್ಲ, ಎರಡು ಸಲ. ಇದಕ್ಕೆ ಪರ್ಮಿಶನ್ನು ಏನಾದರೂ ಬೇಕೇನೋ ಎಂದೆ. ನೀನು ಹೇಳಿದ್ದು ಅಕ್ಷರ ಬಿಡದೆ ನೆನಪಿದೆ: “ಗಾಳಿಗೆಲ್ಲಿಯ ಬೇಲಿ ಅಕ್ಕಾ? ಸುಮ್ನೆ ಹಾಕ್ಕೊಂಡು ಮಾತಾಡು.”

ಎಂಥ ಡೈಲಾಗು! ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೊದಲೆರಡು ಆಟ ಹೂವೆತ್ತಿದಂತೆ ನಡೆದವು. ಮೂರನೆಯ ದಿನ ದೊಡ್ಡ ಥಿಯೇಟರಿನಲ್ಲಿ. ಅದರ ಹಿಂಗೋಡೆಗೆ ಅಂಟಿದಂತೆ ಆಸ್ಪತ್ರೆ, ಗೋಡೆಯಾಚೆಗೇ ಆಂಬುಲೆನ್ಸುಗಳ ಶೆಡ್ಡು. ಯುದ್ಧದ ದೃಶ್ಯ. ಕಾಲರಿನಲ್ಲಿ ಮೈಕು ಇರುವುದನ್ನೂ ಮರೆತು, ಡಾಕ್ಟರನ್ನೂ ಮರೆತು, ನಾನು ರಾಣಿಯಾಗಿ ಆರ್ಭಟಿಸಿದೆ: “ನಿಲ್ಲಿಸು ರಥವನ್ನು!” ಚಪ್ಪಾಳೆಗೆ ಚಾವಣಿಯ ತಗಡು ಹಾರಿಹೋಗುವಂತಾಯಿತು.

ಅದೇ ಹೊತ್ತಿಗೆ ಶೆಡ್ಡಿನಿಂದ ಹೊರಟಿದ್ದ ಆಂಬುಲೆನ್ಸಿನ ವೈರ್‌ಲೆಸ್ಸಿನಲ್ಲಿ ವಿಳಾಸ ಹೇಳುತ್ತಿದ್ದರಂತೆ. ವಿಳಾಸದ ಮೇಲೆ ನಾನು ಕೂತೆ. ಡ್ರೈವರಿಗೆ ಕೇಳಿಸಿದ್ದು ನನ್ನ ರಥವೊಂದೇ. ಅವನು ಬೆದರಿ ಬ್ರೇಕೂ ಹಾಕಿದನಂತೆ, ಪಾಪ. ಮತ್ತೆ ಮತ್ತೆ ಕೇಳಿದ; ಮತ್ತೆ ಮತ್ತೆ ನಾನೇ ಉತ್ತರ ಕೊಟ್ಟೆ. ಲಕ್ವ ಹೊಡೆದು ಬಿದ್ದಿದ್ದ ಒಬ್ಬ ಮೇಷ್ಟರು ಅಲ್ಲಿ ಕಾಯುತ್ತಿದ್ದರು. ಗಾಡಿ ಇಲ್ಲಿ ಬೀದಿ ಬೀದಿ ಸುತ್ತುತ್ತಿತ್ತು.

ಮಾರನೆಯ ದಿನ ರೇಡಿಯೋ ಇಲಾಖೆಯ ಇನ್‌ಸ್ಪೆಕ್ಟರು ಬಂದರು. ಸಣಕಲು ಮನುಷ್ಯ, ಕೈಯಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ, ಹೆಗಲಲ್ಲಿ ಅಲೆ ಅಳೆಯುವ ಪೆಟ್ಟಿಗೆ. ವೈರಣ್ಣನಿಂದ ಒಂದು ಮೈಕು ಆನ್ ಮಾಡಿಸಿದರು. ಅವರ ಪೆಟ್ಟಿಗೆಯ ಮುಳ್ಳು ಜಿಗಿದು ನಿಂತಿತು. “ಅಮ್ಮಾ, ನಿಮ್ ಪಾರ್ಟು ಚೆನ್ನಾಗಿತ್ತು ಅಂತ ಆಂಬುಲೆನ್ಸ್ ಡ್ರೈವರ್ರೇ ಹೇಳ್ತಿದಾನೆ. ಅವನು ಟಿಕೆಟ್ ತಗೊಂಡಿರಲಿಲ್ಲ, ಅಷ್ಟೇ ತೊಂದ್ರೆ,” ಎಂದರು.

ಆಮೇಲೆ ಕೂತು ಬಿಡಿಸಿ ಹೇಳಿದರು. ಗಾಳಿಯೂ ಮನೆಯಿದ್ದ ಹಾಗಂತೆ. ಪ್ರತಿ ದೇಶವೂ ತನಗೆ ಬೇಕಾದಂತೆ ಕೋಣೆ ಮಾಡಿಕೊಳ್ಳುತ್ತದೆ. ಒಬ್ಬರ ಹಜಾರ ಇನ್ನೊಬ್ಬರ ಮಲಗುವ ಕೋಣೆ. ನಿಮ್ಮಲ್ಲಿ ನಾಟಕದವರಿಗೆ ಬಿಟ್ಟಿದ್ದ ರೇಡಿಯೋ ಅಲೆ ನಮ್ಮಲ್ಲಿ ಆಂಬುಲೆನ್ಸಿನದು. ಪರವಾನಗಿಯಿಲ್ಲದೆ ಅಲ್ಲಿ ಕಾಲಿಟ್ಟರೆ ಅಪರಾಧ. ಇಷ್ಟೇ ಆಗಿದ್ದರೆ ತಿಳಿಯದೆ ಆದ ತಪ್ಪು ಎಂದು ನಿನ್ನನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ಅವರು ಕಂಪ್ಯೂಟರು ತಿರುಗಿಸಿ ನಿಮ್ಮ ದೇಶದ ನಿಯಮವನ್ನೂ ತೋರಿಸಿದರು. ಹೋದ ವರ್ಷದಿಂದ ಆ ಅಲೆ ಅಲ್ಲಿಯೂ ಫೋನ್ ಕಂಪನಿಗಳ ಪಾಲು. ಹಳೆಯ ಮೈಕುಗಳನ್ನು ಥಿಯೇಟರುಗಳು ಕಸಕ್ಕೆ ಹಾಕಬೇಕೆಂದು ಆಜ್ಞೆಯಾಗಿದೆ. ವೈರಣ್ಣ ಮೈಕುಗಳನ್ನು ಮಗುಚಿ ನೋಡಿದ. ಎಲ್ಲದರ ಬೆನ್ನ ಮೇಲೂ ಅಂಟು ಉಳಿದ ಚೌಕ. ನಿಮ್ಮ ದೇಶದಲ್ಲಿ ಮಾತ್ರ ಬಳಸತಕ್ಕದ್ದು ಎಂಬ ಚೀಟಿ ಇರುವ ಜಾಗವಂತೆ ಅದು. ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು.

ಪ್ಲಗ್ಗಿನ ಕಾಲು ಬದಲಿಸಿದವನಿಗೆ ಅಲೆ ತಿಳಿದಿರಲಿಲ್ಲವೇನೋ, ಪೀಪಿ? ನಿಮ್ಮಲ್ಲಿ ಕಸವಾದದ್ದು ನಮ್ಮಲ್ಲಿ ಉಡುಗೊರೆಯೇ?

ಆದರೂ ನಿನ್ನ ಮೇಲೆ ಭರವಸೆ ಇತ್ತು. ಕಳಿಸಿದವರನ್ನೇ ಕೇಳಿ ಎಂದು ಇನ್‌ಸ್ಪೆಕ್ಟರ ಎದುರಿಗೇ ನಿನ್ನ ನಂಬರು ಒತ್ತಿ ಅವರ ಕೈಗೆ ಕೊಟ್ಟೆ. ಸ್ಪೀಕರಿನಲ್ಲಿ ನಿನ್ನ ದನಿ ಬಂತು: “ಇಲ್ಲಿಂದ ಕಳಿಸಿದ್ದು ನಾನೇ ಸಾರ್. ಆದ್ರೆ ಅಲ್ಲಿ ಬಳಸಬೇಡಿ ಅಂತ ಆ ಮೇಡಮ್ಮಿಗೆ ಮೊದಲೇ ಹೇಳಿದ್ದೆ.”

ಆ ಮೇಡಮ್ಮಿಗೆ! ಅಪ್ಪ ಹೋದ ಮೇಲೆ ಹಗಲು ರಿಹರ್ಸಲು, ಸಂಜೆ ಆಟ ಮಾಡಿ ನಿನ್ನನ್ನು ಓದಿಸಿದವಳು. ಸೈಡ್‌ವಿಂಗಿನಲ್ಲಿ ನಿದ್ದೆ ಹೋಗುತ್ತಿದ್ದ ನಿನಗೆ ರಾಣಿಯ ಶಾಲು ಹೊದಿಸುತ್ತಿದ್ದವಳು. ಒಂದೇ ಮಾತಿಗೆ ಆ ಮೇಡಮ್ಮು ಆಗಿಬಿಟ್ಟೆ. ವೈರಣ್ಣ ನೆಲ ನೋಡಿದ. ಅವರ ಕೈಯಿಂದ ಫೋನು ತೆಗೆದುಕೊಂಡು ನಾನೇ ಕಟ್ ಮಾಡಿದೆ.

ಮೇಷ್ಟರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಬದುಕಿದ್ದಾರೆ, ಎಡಗೈ ಮಾತ್ರ ಏಳುತ್ತಿಲ್ಲ. ಗಾಡಿಯ ರೇಡಿಯೋದಲ್ಲಿ ಯಾರೋ ಹೆಂಗಸು ಕಿರುಚುತ್ತಿದ್ದಳಂತೆ ಎಂದರು ಅವರ ಹೆಂಡತಿ. “ಅದು ನಾನೇ ತಾಯಿ,” ಎಂದೆ. ಆಕೆ ಬಯ್ಯಲಿಲ್ಲ. ಕುರ್ಚಿ ಸರಿಸಿ ಮುಖ ತಿರುಗಿಸಿ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಇವತ್ತಿನ ವಿಚಾರಣೆಯಲ್ಲಿ ಎರಡೇ ದಾರಿಯಂತೆ. ನೀನು ಎಚ್ಚರಿಸಿದ್ದು ನಿಜವಾದರೆ ತಪ್ಪೆಲ್ಲ ನನ್ನದು, ಕಂಪನಿಯ ಪ್ರದರ್ಶನದ ಪರವಾನಗಿ ಒಂದು ವರ್ಷ ರದ್ದು. ಸುಳ್ಳಾದರೆ ನಿಮ್ಮ ದೇಶದ ಇಲಾಖೆಗೆ ಪತ್ರ ಹೋಗುತ್ತದೆ, ನಿನ್ನ ಸೌಂಡ್ ಲೈಸೆನ್ಸು ಹೋಗುತ್ತದೆ. ನನ್ನ ಹಿಂದೆ ಹದಿನಾಲ್ಕು ಸಂಸಾರಗಳಿವೆ, ಪೀಪಿ. ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ. ಮುಚ್ಚುವುದಿಲ್ಲ, ಮೆತ್ತಗೂ ಮಾಡುವುದಿಲ್ಲ. ಅಕ್ಕ ಕೈಬಿಟ್ಟಳು ಎಂದು ಆಮೇಲೆ ಅಳಬೇಡ. ಮೊದಲು ಬಿಟ್ಟ ಕೈ ಯಾರದೆಂದು ನಿನಗೇ ಗೊತ್ತು.

ಇಂತು,
ನಿನ್ನ ‘ಆ ಮೇಡಮ್ಮು’

ಮರೆತ ಮಾತು: ವಿಚಾರಣೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಕಳಿಸಿದವರು ಎಚ್ಚರಿಸಿದ್ದರೇ ಎಂದು ಕೇಳಿದರು. ಬಾಯಿ ತೆರೆದೆ; ಬಂದದ್ದು ಬೇರೆಯೇ ಮಾತು. ಹೌದು, ಹೇಳಿದ್ದರು, ಹಠ ಮಾಡಿ ಬಳಸಿದವಳು ನಾನೇ ಎಂದೆ. ಅವರು ನಿಮಗೆ ಏನಾಗಬೇಕು ಎಂದೂ ಕೇಳಿದರು. ಏನೂ ಆಗಬೇಕಾಗಿಲ್ಲ ಎಂದೆ. ಬರೆದುಕೊಂಡರು, ಸಹಿ ಹಾಕಿದೆ. ಹೊರಗೆ ಕಾಯುತ್ತಿದ್ದ ವೈರಣ್ಣನಿಗೆ ವಿಷಯ ಹೇಳಿದೆ. ಅವನು ನನ್ನೊಡನೆ ಬಸ್ಸು ಹತ್ತಲಿಲ್ಲ. ನಿನ್ನ ಲೈಸೆನ್ಸು ಉಳಿಯಿತು. ಇನ್ನು ಮೇಲೆ ಇಲ್ಲಿಗೆ ಬರೆಯಬೇಡ. ಸರ್ಕಾರದ ಕಾಗದದಲ್ಲಿ ನನಗೆ ತಮ್ಮನಿಲ್ಲ.