ವೈರು ಕಾಣದ ಬಾನೆಟ್

ಚಿಕ್ಕೋನೇ,

ಬರೆಯಬೇಕಂತೆ! ಐದನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಸ್ಪ್ಯಾನರ್ ಹಿಡಿದವಳು ನಾನು. ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀಯಲ್ಲ, ನಾಚಿಕೆಯಾಗಬೇಕು ನಿನಗೆ. "ಫೋನಲ್ಲಿ ನೀನು ಬೈತೀಯಕ್ಕಾ, ನಾನು ಕಟ್ ಮಾಡ್ತೀನಿ, ಆಮೇಲೆ ಇಬ್ರಿಗೂ ಊಟ ಸೇರಲ್ಲ. ಏನಿದ್ರೂ ಬರೆದು ಕಳ್ಸು" ಅಂದೆ. ಸರಿ, ತಗೋ. ಬೈಗುಳವನ್ನೂ ಬರೆಯಬಹುದು ಅನ್ನುವುದು ನಿನಗೆ ಹೊಳೆದೇ ಇಲ್ಲ. ಅಕ್ಷರ ಸೊಟ್ಟಗೆ ಕಂಡರೆ ತಲೆ ಸೊಟ್ಟ ಮಾಡಿಕೊಂಡು ಓದು.

ಗುಜರಿಯವನ ಹಿತ್ತಲಲ್ಲಿ ಬಳ್ಳಿ ಹಬ್ಬಿಸಿಕೊಂಡು ಬಿದ್ದಿದ್ದ ಆ ಗಾಡಿಯನ್ನು ಹಳೇ ಕಾರುಗಳ ಮೇಳಕ್ಕೆ ಅಂತ ಎಬ್ಬಿಸಿದ್ದು ಯಾರು? ನಾವಿಬ್ಬರು. ಇಂಜಿನ್ನು, ತಗಡು ನಿನ್ನದು, ವೈರಿಂಗ್ ನನ್ನದು. ಅಪ್ಪ ಇದ್ದಾಗಿನಿಂದಲೂ ಹಾಗೇ. ಇಲಿ ಕಡಿದ ಹಳೇ ವೈರನ್ನೆಲ್ಲ ಕಿತ್ತು, ಹೊಸದನ್ನು ಬಣ್ಣ ಬಣ್ಣ ಜೋಡಿಸಿ, ಮೇಣದ ದಾರದಲ್ಲಿ ಒಂದೊಂದು ಗೇಣಿಗೆ ಗಂಟು ಹಾಕಿ ಜಡೆ ಹೆಣೆದೆ. ಆ ಕಟ್ಟಿಗೆ ಜಡೆ ಅಂತ ಹೆಸರಿಟ್ಟಿದ್ದೂ ಅಪ್ಪನೇ. ಬಾನೆಟ್ ಎತ್ತಿದರೆ ಎಡದಿಂದ ಬಲಕ್ಕೆ ಗೆರೆ ಎಳೆದ ಹಾಗೆ ಕೂತಿತ್ತು. ಅಷ್ಟರಲ್ಲಿ ನಾನು ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡೆ. ಪಟ್ಟಿ ಬಿಚ್ಚುವವರೆಗೆ ಮನೆಯಲ್ಲಿ ಕೂತೆ. ಅಷ್ಟೇ ಸಾಕಾಯಿತು ನಿಮಗೆ, ಗಂಡ ಹೆಂಡಿರಿಗೆ.

ಮೊನ್ನೆ ಭಾನುವಾರ "ಬಾ ಅಕ್ಕಾ, ಗಾಡಿ ನೋಡುವಂತೆ" ಅಂತ ಕರೆದೆ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದೆ. ಶೆಡ್ಡಿನ ತುಂಬ ಜನ. ನೀನು ಜಾದೂ ಮಾಡುವವನ ಹಾಗೆ ಬಾನೆಟ್ ಎತ್ತಿದೆ. ಒಳಗೆ ಏನಿದೆ? ಏನೂ ಇಲ್ಲ. ಕೆನೆ ಬಣ್ಣದ ತಗಡು, ನಡುವೆ ಫೋಟೋಕ್ಕೆ ಕೂತ ಮದುಮಗನ ಹಾಗೆ ಇಂಜಿನ್ನು. ಬ್ಯಾಟರಿ ಇಲ್ಲ, ಫ್ಯೂಸ್ ಪೆಟ್ಟಿಗೆ ಇಲ್ಲ, ಒಂದು ವೈರೂ ಇಲ್ಲ. ತೂತುಗಳನ್ನೂ ಬೆಸುಗೆ ಹಾಕಿ ಮುಚ್ಚಿ ಬಣ್ಣ ಹೊಡೆದಿದ್ದೀಯ, ಅಲ್ಲಿ ಎಂದೂ ಯಾರೂ ಕೈ ಹಾಕಿಯೇ ಇಲ್ಲ ಅನ್ನುವ ಹಾಗೆ. ಟೈರ್ ಅಂಗಡಿಯವನು ಬಗ್ಗಿ ನೋಡಿ, "ಏನಪ್ಪಾ, ಈ ಗಾಡಿ ಕೀ ಕೊಟ್ರೆ ಓಡೋ ಆಟದ ಸಾಮಾನಾ?" ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನು ನನ್ನ ಜಡೆ ಹುಡುಕುತ್ತಿದ್ದೆ.

"ಬ್ಯಾಟರಿ ಡಿಕ್ಕೀಲಿದೆ, ವೈರೆಲ್ಲಾ ಮಡ್‌ಗಾರ್ಡ್ ಒಳಗಿದೆ ಅಕ್ಕಾ. ನಿನ್ನ ಜಡೇನೇ. ಕಾಣ್ಸಲ್ಲ ಅಷ್ಟೇ" ಅಂದೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಐಡಿಯಾ ಇವಳದು" ಅಂದೆ. "ಇವಳದು" ಅನ್ನುವಾಗ ನಿನ್ನ ಮುಖ ಹೆಡ್‌ಲೈಟಿನ ಹಾಗೆ ಹತ್ತಿಕೊಂಡಿತಲ್ಲ, ನಾನು ಎಷ್ಟು ಗಾಡಿ ರಿಪೇರಿ ಮಾಡಿಕೊಟ್ಟರೂ ಆ ದೀಪ ನನಗಾಗಿ ಉರಿದದ್ದಿಲ್ಲ.

ಅವಳು ಸೀಟು ಹೊಲಿಯುವವಳು. ಸೀಟು ಹೊಲಿ ಅಂತ ಕರೆದು ತಂದದ್ದು ನೀನು, ಹೊಲಿದು ಮುಗಿಸುವುದರೊಳಗೆ ಮದುವೆಯೂ ಆದೆ. ಅದಿರಲಿ. ಸೀಟು ಬಿಟ್ಟು ಬಾನೆಟ್ಟಿಗೆ ಬಂದದ್ದೇಕೆ? ನಾನು ಕೇಳಿದರೆ ಅವಳು ಹೇಳುತ್ತಾಳೆ, "ಹೊಲಿಗೆ ಅನ್ನೋದು ಒಳಗಡೆ ಇರ್ಬೇಕು ಅಕ್ಕಾ. ಹೊರಗೆ ಕಂಡ್ರೆ ಅದು ಆಮೇಲೆ ಕಿತ್ತು ಬಿಸಾಕೋ ಟಾಕು." ನನ್ನ ಜಡೆಯನ್ನು ಟಾಕು ಅಂದಳು, ಅದೂ ನಗುನಗುತ್ತಾ! ನೀನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಅಪ್ಪ ಹೇಳುತ್ತಿದ್ದದ್ದು ಮರೆತೆಯಾ? "ಕಣ್ಣಿಗೆ ಬೀಳೋ ವೈರು ಕೈಗೂ ಸಿಗುತ್ತೆ." ನಡುರಸ್ತೆಯಲ್ಲಿ ಗಾಡಿ ನಿಂತಾಗ ಮಡ್‌ಗಾರ್ಡ್ ಬಿಚ್ಚುತ್ತಾ ಕೂರುತ್ತೀಯಾ? ಇನ್ನೊಂದು ಮಾತು. ಅವಳೂ ನನ್ನನ್ನು "ಅಕ್ಕಾ" ಅನ್ನುತ್ತಾಳೆ. ಆ ಒಂದು ಪದ ನಿನ್ನ ಬಾಯಿಂದ ಮಾತ್ರ ಕೇಳಿ ಅಭ್ಯಾಸ ನನಗೆ. ಅದರಲ್ಲೂ ಪಾಲು.

ಎಲ್ಲರೂ ಬಾನೆಟ್ ನೋಡುತ್ತಿದ್ದಾಗ ನಾನು ಚಕ್ರದ ಹಿಂದಿನಿಂದ ಮಡ್‌ಗಾರ್ಡಿನೊಳಗೆ ಕೈ ತೂರಿಸಿದೆ. ಗಂಟಿನ ಬದಲು ಪ್ಲಾಸ್ಟಿಕ್ ಪಟ್ಟಿ ಬಿಗಿದಿರುತ್ತಾಳೆ, ಸಿಕ್ಕಿಬೀಳುತ್ತಾಳೆ, ಎಲ್ಲರೆದುರು ಕಿತ್ತು ತೋರಿಸೋಣ ಅಂತ. ಕೈಗೆ ಸಿಕ್ಕಿದ್ದು ಮೇಣದ ದಾರ. ಅಪ್ಪನ ಗಂಟು. ಗೇಣಿಗೊಂದು, ಎಲ್ಲೂ ತಪ್ಪಿಲ್ಲ. ನನ್ನದು ಬಲಕ್ಕೆ ಮಲಗುತ್ತದೆ, ಇದು ಎಡಕ್ಕೆ ಮಲಗಿತ್ತು, ಅವಳು ಎಡಗೈಯವಳಲ್ಲವೇ. ನೀನು ಕಲಿಸಿದೆಯಾ ಅಂತ ಕೇಳಿದ್ದಕ್ಕೆ, "ನಾನೆಲ್ಲಿ ಕಲಿಸ್ಲಿ, ನಂಗೇ ಬರಲ್ಲ. ನಿನ್ನದನ್ನ ಬಿಚ್ತಾ ಬಿಚ್ತಾ ಅವಳೇ ಕಲಿತಳು" ಅಂದೆ. ನಿಜ, ನಿನಗೆ ಇವತ್ತಿಗೂ ಶೂ ಲೇಸು ನೆಟ್ಟಗೆ ಬರುವುದಿಲ್ಲ. ಅಪ್ಪ ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟರೂ ಆ ಗಂಟು ನಿನ್ನ ಕೈಗೆ ಹತ್ತಲಿಲ್ಲ. ಅಪ್ಪನ ನಂತರ ಅದು ನನ್ನೊಬ್ಬಳ ಕೈಯಲ್ಲಿತ್ತು. ಕೆಟ್ಟ ಕೆಲಸವಾಗಿದ್ದರೆ ಕೂಗಾಡಿ ಹಗುರಾಗುತ್ತಿದ್ದೆ. ಒಳ್ಳೆ ಕೆಲಸಕ್ಕೆ ಏನಂತ ಬೈಯಲಿ?

ಆಮೇಲೆ ನೀನು ಇಂಜಿನ್ನು ಸ್ಟಾರ್ಟ್ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನು ತನ್ನ ರಬ್ಬರಿನ ಮೇಲೆ ಒಂದು ಬದಿಗೆ ವಾಲಿತು, ವಾಲಲೇಬೇಕು. ಆಗ ಕಂಡೆ. ಹಿಂದಿನ ತಗಡಿನ ಗೋಡೆಯಿಂದ ಸ್ಟಾರ್ಟರಿಗೆ ಕೆಳಗಡೆ ಬರುವ ದಪ್ಪ ವೈರು ವೀಣೆಯ ತಂತಿಯ ಹಾಗೆ ಬಿಗಿದು ನಿಂತಿತು. ನನ್ನ ವೈರಿಂಗಿನಲ್ಲಿ ಸ್ಟಾರ್ಟರಿನ ಹತ್ತಿರ ಒಂದು ಸುತ್ತು ಸಡಿಲ ಬಿಟ್ಟಿದ್ದೆ. ಅವಳು ಕತ್ತರಿಸಿದ್ದಾಳೆ! ಹೊಲಿಯುವವರ ಕಣ್ಣಿಗೆ ಸಡಿಲ ಕಂಡರೆ ಕತ್ತರಿ ಸುಮ್ಮನಿರುವುದಿಲ್ಲ. ಸೀಟು ಅಲ್ಲಾಡುವುದಿಲ್ಲ, ಬಿಗಿಯಾಗಿದ್ದಷ್ಟೂ ಚೆಂದ. ಇಂಜಿನ್ನು ಹಾಗಲ್ಲ, ಅದು ಉಸಿರಾಡುತ್ತದೆ.

ಹೇಳಲು ಬಾಯಿ ತೆರೆದೆ. ಅದೇ ಹೊತ್ತಿಗೆ ನೀನು ಗ್ರೀಸ್ ಕೈಯನ್ನು ಅವಳ ಹೆಗಲ ಮೇಲಿಟ್ಟು, "ಈ ಗಾಡೀಲಿ ಅರ್ಧ ಇವಳದೇ" ಅಂದೆ. ಅರ್ಧ ಅವಳದು, ಉಳಿದರ್ಧ ನಿನ್ನದು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಕೊಟ್ಟ ಟೀ ಹಾಗೇ ಬಿಟ್ಟು ಮನೆಗೆ ಬಂದೆ.

ನಿಮ್ಮ ಭಾವ "ಗಾಡಿ ಹೆಂಗಿದೆಯೇ?" ಅಂದರು. "ಬೋಳು" ಅಂದೆ. ಎಲ್ಲ ಕೇಳಿಸಿಕೊಂಡು, "ಹೊಟ್ಟೆಕಿಚ್ಚಿಗೆ ಫ್ಯೂಸ್ ಇರಲ್ಲ ಕಣೇ, ಸುಟ್ಕೊಂಡು ಹೋಗ್ತೀಯ" ಅಂದರು. ಅವರಿಗೆ ಆ ದಿನ ನೀರೂ ಕೊಡಲಿಲ್ಲ.

ಅಂದಿನಿಂದ ಫೋನು ಬಡಿದುಕೊಂಡಾಗಲೆಲ್ಲ ಓಡುತ್ತೇನೆ. ಗಾಡಿ ಕೈಕೊಟ್ಟಿತು, ನೀನೇ ಬಾ ಅಕ್ಕಾ, ನೀನಿಲ್ಲದೆ ಆಗಲ್ಲ ಅನ್ನುತ್ತೀಯ ಅಂತ. ಬಂದು ಏನನ್ನಬೇಕು, ಅವಳ ಕಡೆ ಹೇಗೆ ನೋಡಬೇಕು ಅನ್ನುವುದನ್ನೂ ಪಾತ್ರೆ ತೊಳೆಯುತ್ತಾ ಅಭ್ಯಾಸ ಮಾಡಿಕೊಂಡೆ. ನಿನ್ನೆ ಹಾಗೇ ಅಭ್ಯಾಸ ಮಾಡುತ್ತಿದ್ದಾಗ ತಟ್ಟನೆ ನೆನಪಾಯಿತು. ಬ್ಯಾಟರಿ ಡಿಕ್ಕಿಯಲ್ಲಿದೆ. ಆ ದಪ್ಪ ವೈರು ಅವಳು ಹೊಲಿದ ಕಾರ್ಪೆಟ್ಟಿನ ಅಡಿಯಲ್ಲೇ ಮುಂದಕ್ಕೆ ಬರುತ್ತದೆ, ಅದಕ್ಕೆ ಫ್ಯೂಸೂ ಇಲ್ಲ. ಬಿಗಿದ ವೈರು ತಾನು ಹೊರಬರುವ ತಗಡಿನ ತೂತಿಗೆ ಉಜ್ಜಿ ಉಜ್ಜಿ ರಬ್ಬರ್ ಸವೆದು ಶಾರ್ಟ್ ಆದರೆ, ಹೊಗೆ ಮೊದಲು ಏಳುವುದು ಅವಳ ಕಾಲಡಿಯಿಂದ. ಪಕ್ಕದಲ್ಲಿ ನೀನು. ಫೋನು ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಕೈಯಲ್ಲಿದ್ದ ಪಾತ್ರೆ ಬಿಟ್ಟು ಈ ಕಾಗದ ಹಿಡಿದೆ. ಅವಳ ಮೇಲೆ ಪ್ರೀತಿ ಉಕ್ಕಿತು ಅಂತ ತಿಳಿಯಬೇಡ. ಕಿಚ್ಚು ಇದ್ದಲ್ಲೇ ಇದೆ.

ಈಗ ನೆಟ್ಟಗೆ ಕೇಳು. ಇದನ್ನು ಓದಿದ ತಕ್ಷಣ ಬ್ಯಾಟರಿ ಕಳಚಿಡು. ಗಾಡಿ ಮುಟ್ಟಬೇಡ. ಆ ವೈರು ಬದಲಾಗಬೇಕು, ಗೋಡೆಗೂ ಇಂಜಿನ್ನಿಗೂ ನಡುವೆ ಒಂದು ಸುತ್ತು ಜೋತು ಬೀಳಬೇಕು. ಅದನ್ನು ಬಚ್ಚಿಡಲು ನಿನ್ನಿಂದಲೂ ಆಗದು, ನಿನ್ನ ಹೆಂಡತಿಯಿಂದಲೂ ಆಗದು. ಅಷ್ಟು ಬೋಳು ಬಾನೆಟ್ಟಿನ ನಡುವೆ ಅದೊಂದು ಎಲ್ಲರಿಗೂ ಕಾಣುತ್ತದೆ. ಕಾಣಲಿ. ಅದನ್ನು ಕಟ್ಟುವವಳು ನಾನು, ನನ್ನ ಗಂಟು, ಬಲಕ್ಕೆ ಮಲಗಿದ್ದು. ಅವಳು ದೀಪ ಹಿಡಿಯಲಿ. ಎಷ್ಟು ಸಡಿಲ ಬಿಡಬೇಕು ಅನ್ನುವುದನ್ನು ಕಣ್ಣು ಬಿಟ್ಟು ನೋಡಲಿ, ಅದು ಬಿಚ್ಚಿ ನೋಡಿ ಕಲಿಯುವಂಥದ್ದಲ್ಲ. ನೀನು ಶೆಡ್ಡಿನ ಹೊರಗಿರು. ಮೇಳದಲ್ಲಿ ಯಾರಾದರೂ ಇದೇನು ಜೋತಾಡುತ್ತಿದೆ ಅಂತ ಕೇಳಿದರೆ "ಅದು ನಮ್ಮಕ್ಕನದು" ಅನ್ನಬೇಕು, ಗಟ್ಟಿಯಾಗಿ. ಅವಳು ನನ್ನನ್ನು ಅಕ್ಕಾ ಅನ್ನಲಿ, ಬೇಡ ಅನ್ನುವುದಿಲ್ಲ. ಆದರೆ ನಾನು ಬಾಗಿಲಿಗೆ ಬಂದಾಗ ನಿನಗಿಂತ ಮೊದಲು ಅನ್ನಬಾರದು.

ನೂರು ವರ್ಷ ಬಾಳು. ಅವಳೂ ಬಾಳಲಿ, ನಿನಗಿಂತ ಒಂದು ದಿನ ಕಮ್ಮಿಯಾದರೂ ಪರವಾಗಿಲ್ಲ.

ಪೆನ್ನು ಹಿಡಿದು ಮಣಿಕಟ್ಟು ಮತ್ತೆ ನೋಯಿಸಿಕೊಂಡ,
ನಿನ್ನ ಅಕ್ಕ

ಮೇಳ ಹದಿನೆಂಟಕ್ಕೆ. ಹದಿನಾಲ್ಕನೇ ತಾರೀಕಿನೊಳಗೆ ನನಗೆ ಉತ್ತರ ಬರಬೇಕು. ಫೋನಿನಲ್ಲಿ ಅಲ್ಲ, ನೀನೂ ಬರೆ.